ಶಿಲೆಯ ಒಳರಂಧ್ರಗಳು ಮತ್ತು ಶಾಸನಾಕ್ಷರ: ವಿಜಯಪುರ ಸೀಮೆಯ ನೆಲೆಯಲ್ಲಿ ಮೂರು ಆಯಾಮದ ಚಿತ್ರಣ

ಶಾಸನ ಸಂಪುಟಗಳಲ್ಲಿ ‘ಇಲ್ಲಿ ಅಕ್ಷರ ಸವೆದಿದೆ’ ಎಂಬ ಟಿಪ್ಪಣಿ ಪದೇ ಪದೇ ಎದುರಾಗುತ್ತದೆ. ಅಕ್ಷರ ಏಕೆ ಸವೆಯಿತು, ಇನ್ನು ಮುಂದೆ ಯಾವ ಸಾಲು ಸವೆಯಲಿದೆ ಎಂಬ ಪ್ರಶ್ನೆಯನ್ನು ಪಾಠಸಂಪಾದಕರು ಎತ್ತಿದ್ದು ವಿರಳ. ಪಡಿಯಚ್ಚು ತೆಗೆಯುವವರಿಗೆ ಕಲ್ಲೆಂದರೆ ಅದರ ಮೈ ಮಾತ್ರ. ಸವೆತದ ಕಾರಣವಾದರೋ ಬಹುಮಟ್ಟಿಗೆ ಕಲ್ಲಿನ ಒಳಗಿರುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಭಾಗದ ಕಟ್ಟಡ ಸಾಮಗ್ರಿಗಳ ಹಿನ್ನೆಲೆಯಲ್ಲಿ, ಒಳರಂಧ್ರಗಳನ್ನು ಮೂರು ಆಯಾಮಗಳಲ್ಲಿ ಕಾಣಿಸುವ ಕ್ಷ-ಕಿರಣ ಚಿತ್ರಣದ ಉಪಯುಕ್ತತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಉತ್ತರ ಭಾಗದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾರಸ ಗಟ್ಟಿಗೊಂಡು ಆದದ್ದು. ಲಾವಾ ಆರುವಾಗ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಕಲ್ಲಿನಲ್ಲಿ ಪೊಳ್ಳುಗಳಾಗಿ ಉಳಿದವು; ಕೆಲವನ್ನು ಮುಂದೆ ಬಿಳಿಯ ಖನಿಜಗಳು ತುಂಬಿದವು. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ತಾಳಿಕೋಟೆಯ ಸುತ್ತ ದೊರೆಯುವುದು ಪದರಪದರವಾದ ಸುಣ್ಣಕಲ್ಲು. ಮನೆಗಳಿಗೆ ಹಾಸುವ ಫರಸಿ ಇದೇ ಬಗೆಯದು. ಕಣ್ಣಿಗೆ ಗುಳ್ಳೆಗಲ್ಲು ನೀರು ಕುಡಿಯುವಂತೆಯೂ ಫರಸಿ ಕುಡಿಯದಂತೆಯೂ ತೋರುತ್ತದೆ. ಈ ತೋರಿಕೆಯನ್ನು ನೆಚ್ಚುವಂತಿಲ್ಲ. ಗುಳ್ಳೆಗಳು ದೊಡ್ಡವಾದರೂ ಒಂದಕ್ಕೊಂದು ಸೇರದಿದ್ದರೆ ನೀರಿಗೆ ದಾರಿಯಿಲ್ಲ. ಕೂದಲಿಗಿಂತ ಕಿರಿದಾದ ಬಿರುಕುಗಳು ಒಂದಕ್ಕೊಂದು ಕೂಡಿಕೊಂಡರೆ ನೆಲದ ತೇವವು ಮೊಳಗಟ್ಟಲೆ ಮೇಲೇರಬಲ್ಲದು. ‘ಶೇಕಡಾ ಇಷ್ಟು ಸರಂಧ್ರ’ ಎಂಬ ಅಂಕಿಯು ಈ ಎರಡು ಸ್ಥಿತಿಗಳ ನಡುವಣ ವ್ಯತ್ಯಾಸವನ್ನು ಹೇಳುವುದೇ ಇಲ್ಲ.

ಇದನ್ನು ಹೇಳಬಲ್ಲದ್ದು ಸೂಕ್ಷ್ಮ ಸಿ.ಟಿ. ಚಿತ್ರಣ. 1971ರಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರವು ರೋಗಿಯೊಬ್ಬರ ಮಿದುಳನ್ನು ಸೀಳುಸೀಳಾಗಿ ತೋರಿಸಿತು. 1979ರಲ್ಲಿ ಅವರಿಗೂ ಕಾರ್ಮಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಆಸ್ಪತ್ರೆಯಲ್ಲಿ ಯಂತ್ರವು ರೋಗಿಯ ಸುತ್ತ ತಿರುಗಿದರೆ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಕಲ್ಲಿನ ಚೂರೇ ಕಿರಣದ ಮುಂದೆ ತಿರುಗುತ್ತದೆ. ನೂರಾರು ಕೋನಗಳಿಂದ ಪಡೆದ ನೆರಳುಗಳಿಂದ ಗಣಕವು ಒಳರೂಪವನ್ನು ಮರಳಿ ಕಟ್ಟುತ್ತದೆ. ಯಾವ ರಂಧ್ರ ಯಾವುದಕ್ಕೆ ಕೂಡಿದೆ, ನಡುವಣ ಕುತ್ತಿಗೆ ಎಷ್ಟು ಕಿರಿದು ಎಂಬುದನ್ನು ಅಲ್ಲಿ ಅಳೆಯಬಹುದು. ಆದರೆ ಮಾದರಿ ದೊಡ್ಡದಾದಷ್ಟೂ ಸೂಕ್ಷ್ಮತೆ ಕುಗ್ಗುತ್ತದೆ. 10 ಮಿಲಿಮೀಟರ್ ಅಗಲದ ಚೂರನ್ನು 2,000 ಬಿಂದುಗಳಲ್ಲಿ ಹಿಡಿದರೆ ಒಂದು ಬಿಂದು 5 ಮೈಕ್ರಾನ್ ಆಗುತ್ತದೆ. ಅದಕ್ಕಿಂತ ಕಿರಿದಾದ ರಂಧ್ರಗಳು ತಪ್ಪಿಹೋಗುತ್ತವೆ. ಸುಣ್ಣಕಲ್ಲಿನ ಬಹುಪಾಲು ರಂಧ್ರಗಳು ಹೀಗೆ ತಪ್ಪಿಹೋಗುವಂಥವೇ ಆಗಿರಬಹುದಾದ್ದರಿಂದ, ಅಲ್ಲಿ ಪಾದರಸ ಹೊಗಿಸಿ ಅಳೆಯುವ ಹಳೆಯ ವಿಧಾನವನ್ನು ಕೈಬಿಡಲಾಗದು.

ಈ ತಿಳಿವಳಿಕೆಯ ಒಂದು ಮುಖ ಊರಿನ ಕಟ್ಟುಗರಿಗೆ ಹೊಸದಲ್ಲ. ಮೇಲ್ಮುದ್ದೆಯ ಮಾಳಿಗೆಗೆ ಸವುಳು ಮಣ್ಣು ಹರಡುವ ರೂಢಿಯನ್ನು ಗಮನಿಸಬೇಕು. ಸೋಡಿಯಂ ಹೆಚ್ಚಿರುವ ಜೇಡಿ ನೆನೆದಾಗ ಅದರ ಕಣಗಳು ಬಿಡಿಬಿಡಿಯಾಗಿ ರಂಧ್ರಗಳ ಬಾಯಿ ಮುಚ್ಚುತ್ತವೆ. ಬೆಳೆಗೆ ಕೇಡಾದ ಈ ಗುಣವೇ ಮಾಳಿಗೆಗೆ ಕಾವಲು. ಗಚ್ಚಿನ ಗುಣ ಇದಕ್ಕೆ ವಿರುದ್ಧ. ಸುಟ್ಟು ಅರಳಿಸಿದ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮರಳಿ ಕಲ್ಲಾಗುವಾಗ ತನ್ನೊಳಗೆ ಕೂಡುರಂಧ್ರಗಳನ್ನು ಉಳಿಸಿಕೊಳ್ಳುತ್ತದೆ. ಗೋಡೆಯ ತೇವ ಆ ರಂಧ್ರಗಳ ಮೂಲಕವೇ ಆರುತ್ತದೆ. ಒಂದು ಮುಚ್ಚಲು, ಇನ್ನೊಂದು ಆರಿಸಲು.

ಹಳೆಯ ಗುಡಿಯ ಸಂದಿಗೆ ಸಿಮೆಂಟು ಮೆತ್ತಿದಾಗ ಈ ಏರ್ಪಾಡು ಕೆಡುತ್ತದೆ. ಸಂದಿಯಲ್ಲಿ ಆರಬೇಕಾದ ತೇವವು ಕಲ್ಲಿನ ಮೂಲಕ ಆರಲು ತೊಡಗುತ್ತದೆ. ಬುಡವನ್ನು ಮುಚ್ಚಿದರೆ ಇನ್ನೂ ಮೇಲೇರುತ್ತದೆ. ಅದರಲ್ಲಿ ಕರಗಿದ ಉಪ್ಪು ಮೈಯ ಕೆಳಗೇ ಹರಳುಗಟ್ಟಿ ರಂಧ್ರದ ಗೋಡೆಯನ್ನು ಒತ್ತುತ್ತದೆ. ಕೊನೆಗೆ ಚಕ್ಕೆಯೊಂದು ಏಳುತ್ತದೆ. ಆ ಚಕ್ಕೆಯ ಹೊರಮೈಯಲ್ಲಿ ಇರುವುದೇ ಅಕ್ಷರ. ಸದುದ್ದೇಶದ ದುರಸ್ತಿಯಿಂದಲೇ ಪಾಠನಷ್ಟ ಉಂಟಾಗುವ ಈ ಬಗೆಯನ್ನು ಶಾಸನತಜ್ಞರು ಇನ್ನೂ ಗಂಭೀರವಾಗಿ ಪರಿಗಣಿಸಬೇಕಿದೆ.

ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಪಾವಿಟ್ಟಗೆಯ ವಿದ್ಯಾಶಾಲೆಗೆ ಪ್ರಮುಖ ಆಧಾರವಾದ ಇಂಥ ಸ್ತಂಭದಿಂದ ಬೆರಳಗಲದ ಚೂರನ್ನೂ ಕತ್ತರಿಸಿ ತೆಗೆಯಲಾಗದು. ಆದ್ದರಿಂದ ಶಾಸನಶಿಲೆಗಳ ವಿಷಯದಲ್ಲಿ ಚಿತ್ರಣವನ್ನು ತಾನಾಗಿ ಉದುರಿದ ಚಕ್ಕೆ, ಸಡಿಲಗೊಂಡ ಗಚ್ಚು, ಅದೇ ಬಗೆಯ ಬರಹವಿಲ್ಲದ ಕಲ್ಲು ಇವುಗಳಿಗೆ ಸೀಮಿತಗೊಳಿಸಬೇಕಾಗುತ್ತದೆ. ಅಕ್ಷರಗಳ ಮೈಯನ್ನು ಮುಟ್ಟದೆ ಹಲವು ದಿಕ್ಕಿನ ಛಾಯಾಚಿತ್ರಗಳಿಂದ ದಾಖಲಿಸಬಹುದು. ಪಡಿಯಚ್ಚಿಗಾಗಿ ಒದ್ದೆ ಕಾಗದ ಹಚ್ಚಿ ಕುಂಚದಿಂದ ಬಡಿಯುವ ಮೊದಲು ಕಲ್ಲಿನ ಬುಡದಲ್ಲಿ ಬಿಳಿ ಉಪ್ಪು ಮೂಡಿದೆಯೇ, ಮೆಲ್ಲಗೆ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆಯೇ ಎಂದು ನೋಡಬೇಕು. ಸದ್ದು ಪೊಳ್ಳಾಗಿದ್ದರೆ ಆ ಸಾಲುಗಳಿಗೆ ಛಾಯಾಚಿತ್ರವಷ್ಟೇ ಸಾಕು.