ಚಯಾಪಚಯ ವೈದ್ಯಶಾಸ್ತ್ರವೂ ನಮ್ಮ ಗಡಿನಾಡಿನ ವಿದ್ಯಾರ್ಥಿಗಳೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಿರೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡರು. ನೆನಪುಗಳನ್ನು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ನಾನು ಒಂದು ಪಾಠವನ್ನೇ ಬರೆಯುತ್ತೇನೆ. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ ಮಾಸ್ತರನಾದವನು ನಾನು, ವೈದ್ಯನಲ್ಲ. ಆದರೂ ವೈದ್ಯಕೀಯದ ಒಂದು ಶಾಖೆಯನ್ನು ಕುರಿತು ಬರೆಯಲು ಕಾರಣವಿದೆ.

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯನ್ನು ಅವಳ ಸೋದರಮಾವನಿಗೇ ಕೊಡುವ ಮಾತು ನಡೆದಿತ್ತು. ಅವಳ ತಂದೆ ನನ್ನ ಅಭಿಪ್ರಾಯ ಕೇಳಿದರು. “ಗೊತ್ತಿದ್ದ ಮನೆತನ, ಹೊಲ ಒಡೆಯುವುದಿಲ್ಲ, ಮಾಡಿರಿ” ಎಂದವನು ನಾನೇ. ಅಕ್ಷತೆ ಹಾಕಿದವನೂ ನಾನೇ. ಅವಳ ಮೊದಲ ಕೂಸು ಮೈಕೈ ತುಂಬಿಕೊಂಡು ಹುಟ್ಟಿ, ನಾಲ್ಕನೆಯ ದಿನ ಮೊಲೆ ಬಿಟ್ಟು, ಮಂಪರಿಗೆ ಬಿದ್ದು, ಎರಡು ವಾರ ತುಂಬುವ ಮೊದಲೇ ತೀರಿಕೊಂಡಿತು. ಎರಡನೆಯದೂ ಹಾಗೆಯೇ. ದೃಷ್ಟಿ ಎಂದರು, ಮನೆಯ ಬಾಗಿಲು ಸರಿಯಿಲ್ಲವೆಂದರು, ಕೊನೆಗೆ ತಾಯಿಯ ಹಾಲೇ ವಿಷವೆಂದರು.

ಹಾಲು ವಿಷವಾಗಿರಲಿಲ್ಲ. ಆದರೆ ಹಾಲನ್ನು ಪಚನ ಮಾಡಿಕೊಳ್ಳಲಾರದ ಕೂಸುಗಳು ಹುಟ್ಟುತ್ತವೆಂಬುದು ನಿಜ. ನಾವು ಉಂಡ ಜೋಳದ ರೊಟ್ಟಿ, ಬೇಳೆ, ಹಾಲುಗಳನ್ನು ದೇಹವು ಒಡೆದು ಶಕ್ತಿ ಪಡೆಯುತ್ತದೆ, ಮತ್ತೆ ಕಟ್ಟಿ ರಕ್ತಮಾಂಸ ಮಾಡಿಕೊಳ್ಳುತ್ತದೆ. ಕಟ್ಟುವುದು ಚಯ, ಒಡೆಯುವುದು ಅಪಚಯ. ಎರಡೂ ಕೂಡಿ ಚಯಾಪಚಯ, ಇಂಗ್ಲಿಷಿನ ಮೆಟಬಾಲಿಸಂ. ಪ್ರತಿಯೊಂದು ಹಂತಕ್ಕೂ ಒಂದೊಂದು ಕಿಣ್ವ ಬೇಕು. ಸೊಲ್ಲಾಪುರದ ಚಾದರ ಕಾರಖಾನೆಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನೂಲಿಗೆ ಬಣ್ಣ ಹಾಕುವವನು ಒಬ್ಬ, ಹಾಸು ಮಾಡುವವನು ಇನ್ನೊಬ್ಬ, ನೇಯುವವನು ಮತ್ತೊಬ್ಬ. ನಡುವಿನವನು ಕೆಲಸಕ್ಕೆ ಬಾರದಿದ್ದರೆ ಅವನ ಮುಂದೆ ನೂಲಿನ ರಾಶಿ ಬೀಳುತ್ತದೆ. ಮಗ್ಗ ಮಾತ್ರ ಬರಿದಾಗಿ ನಿಲ್ಲುತ್ತದೆ. ಕಿಣ್ವವೊಂದು ಇಲ್ಲದ ದೇಹದಲ್ಲಿಯೂ ಹೀಗೆಯೇ: ಬೇಡವಾದದ್ದು ರಾಶಿ ಬೀಳುತ್ತದೆ, ಬೇಕಾದದ್ದು ಸಿಗುವುದಿಲ್ಲ. ಗರ್ಭದಲ್ಲಿರುವಾಗ ಆ ಕಸವನ್ನು ತಾಯಿಯ ದೇಹವೇ ತೆಗೆದುಹಾಕುತ್ತಿರುವುದರಿಂದ ಕೂಸು ಆರೋಗ್ಯವಾಗಿಯೇ ಹುಟ್ಟುತ್ತದೆ. ಇಂಥ ಕೆಲವು ರೋಗಗಳಲ್ಲಿ ಹಾಲು ಕುಡಿಯತೊಡಗಿದ ಕೆಲವೇ ದಿನಗಳಲ್ಲಿ ಕೆಡುತ್ತದೆ. ಅಂಥದೊಂದು ರೋಗದಲ್ಲಿ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಕಬ್ಬಿನ ನಾಡಿನವರಾದ ನಮಗೆ ಆ ವಾಸನೆ ಅಪರಿಚಿತವಲ್ಲ.

ಈ ಶಾಸ್ತ್ರದ ಮೂಲಪುರುಷ ಇಂಗ್ಲೆಂಡಿನ ಆರ್ಚಿಬಾಲ್ಡ್ ಗ್ಯಾರಡ್. ಇಟ್ಟ ಮೂತ್ರ ಕಪ್ಪಾಗುವ ಆಲ್ಕಾಪ್ಟೋನೂರಿಯಾ ಎಂಬ ರೋಗವುಳ್ಳ ಮಕ್ಕಳ ತಂದೆತಾಯಿಗಳು ಅನೇಕ ಕಡೆ ಪರಸ್ಪರ ಬಂಧುಗಳಾಗಿರುವುದನ್ನು ಅವನು 1902ರಲ್ಲಿ ಬರೆದು ತೋರಿಸಿದನು. 1934ರಲ್ಲಿ ನಾರ್ವೆಯ ಫೋಲಿಂಗ್, ಬುದ್ಧಿ ಬೆಳೆಯದ ಇಬ್ಬರು ಮಕ್ಕಳನ್ನು ಕರೆತಂದ ತಾಯಿಯೊಬ್ಬಳ ಹಟದಿಂದಾಗಿ, ಫಿನೈಲ್‌ಕೀಟೋನೂರಿಯಾ ಎಂಬ ರೋಗವನ್ನು ಕಂಡುಹಿಡಿದನು. 1950ರ ದಶಕದಲ್ಲಿ ಬಿಕೆಲ್ ಎಂಬವನು ಅದಕ್ಕೆ ಪಥ್ಯಾಹಾರವನ್ನು ರೂಪಿಸಿದನು. 1960ರ ದಶಕದಲ್ಲಿ ಅಮೇರಿಕದ ಗುತ್ರಿ, ಕೂಸಿನ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದ ರಕ್ತದ ಹನಿಯಿಂದಲೇ ಅದನ್ನು ಪತ್ತೆಮಾಡುವ ವಿಧಾನವನ್ನು ಬಳಕೆಗೆ ತಂದನು. ಈಗಿನ ಯಂತ್ರಗಳು ಅಂಥ ಕೆಲವು ಹನಿಗಳಲ್ಲಿ ಹತ್ತಾರು ರೋಗಗಳನ್ನು ಹುಡುಕುತ್ತವೆ.

ನಮ್ಮ ದೇಶದಲ್ಲಿ ಈ ಕೆಲಸ ಮೊದಲಾದದ್ದು ಕನ್ನಡ ನೆಲದಲ್ಲಿಯೇ ಎಂಬುದು ಬಹುಜನರಿಗೆ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು 1980ರಿಂದ ಮುಂದೆ ಒಂದು ಲಕ್ಷಕ್ಕೂ ಮಿಕ್ಕಿ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಆ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆತ್ತ ತಾಯಂದಿರ ಪೈಕಿ ಸುಮಾರು ಮೂರರಲ್ಲೊಂದು ಪಾಲು ರಕ್ತಸಂಬಂಧದಲ್ಲಿ ಮದುವೆಯಾದವರೆಂಬುದೂ ಗೊತ್ತಾಯಿತು.

ಇಲ್ಲಿ ಲೆಕ್ಕ ಸರಳ. ತಂದೆತಾಯಿ ಇಬ್ಬರಲ್ಲಿಯೂ ಅದೇ ದೋಷವುಳ್ಳ ವಂಶವಾಹಿ ಒಂದೊಂದಿದ್ದರೆ, ಪ್ರತಿ ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸುಮಾರು ಕಾಲು ಭಾಗ ವಂಶವಾಹಿಗಳು ಸಮಾನವಾಗಿರುತ್ತವೆ. ಆದ್ದರಿಂದ ಅಂಥ ಜೋಡಿ ಕೂಡುವ ಸಾಧ್ಯತೆ ಹೆಚ್ಚು. ಸೋದರಿಕೆಯ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಹೊರಗಿನ ಸಂಬಂಧದಲ್ಲಿಯೂ ಈ ರೋಗ ಬರಬಹುದು ಎಂಬುದನ್ನೂ ಹೇಳಬೇಕು. ಯಾರ ಮನೆಯನ್ನೂ ದೂಷಿಸಲು ನಾನು ಬರೆಯುತ್ತಿಲ್ಲ.

ನಮ್ಮ ವಿದ್ಯಾರ್ಥಿಗಳು ಈ ಶಾಖೆಗೆ ಏಕೆ ಬೇಕು? ಆ ಹುಡುಗಿ ಎರಡನೆಯ ಕೂಸನ್ನು ಊರಿನಿಂದ ದೂರದ ಆಸ್ಪತ್ರೆಯೊಂದಕ್ಕೆ ಒಯ್ದಾಗ, ಜೊತೆಗೆ ಯಾರು ಬಂದಿದ್ದಾರೆಂದು ಕೇಳಿದರು. “ಮಾವ ಬಂದಾನ್ರಿ” ಎಂದಳು. ಚಿಕ್ಕಂದಿನಿಂದ ಗಂಡನನ್ನು ಹಾಗೆಯೇ ಕರೆದವಳು ಅವಳು. ಬರೆದುಕೊಳ್ಳುವವರು ಗಂಡನ ತಂದೆ ಎಂದು ತಿಳಿದು ಹಾಗೆಯೇ ಬರೆದುಕೊಂಡರು. ಮರಾಠಿಯಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಕನ್ನಡದಲ್ಲಿ ಎರಡಕ್ಕೂ ಮಾವನೇ. ಅತ್ತೆ, ಅಳಿಯ, ಸೊಸೆ ಈ ಶಬ್ದಗಳೂ ಅಂಥವೇ. ನಮ್ಮ ವಿವಾಹ ಪದ್ಧತಿ ನಮ್ಮ ಶಬ್ದಗಳಲ್ಲಿಯೇ ಅಡಗಿ ಕುಳಿತಿದೆ. ಚಯಾಪಚಯ ವೈದ್ಯನ ಮೊದಲ ಉಪಕರಣ ಯಂತ್ರವಲ್ಲ, ವಂಶವೃಕ್ಷ. ಅದನ್ನು ಬರೆದುಕೊಳ್ಳಲು ಕಳ್ಳುಬಳ್ಳಿಯ ಮಾತು ಬಲ್ಲವನೇ ಬೇಕು.

ದಾರಿ ದೀರ್ಘವಾದದ್ದು. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದು. ಆದರೆ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುವುದರಿಂದ ನಮ್ಮವರು ಕಲಬುರಗಿಗೋ ವಿಜಯಪುರಕ್ಕೋ ಹೋಗಬೇಕು. ಎಂ.ಬಿ.ಬಿ.ಎಸ್. ಇಂಟರ್ನ್‌ಶಿಪ್ ಸಹಿತ ಐದೂವರೆ ವರ್ಷ. ಅದಕ್ಕೆ ಸೊಲ್ಲಾಪುರದಲ್ಲಿಯೇ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಮುಂದೆ ಮಕ್ಕಳ ವೈದ್ಯದಲ್ಲಿಯೋ ಜನರಲ್ ಮೆಡಿಸಿನ್‌ನಲ್ಲಿಯೋ ಮೂರು ವರ್ಷದ ಎಂ.ಡಿ. ಅದರ ಮೇಲೆ ಮೂರು ವರ್ಷದ ಡಿ.ಎಂ.: ಹುಟ್ಟಿನಿಂದ ಬರುವ ದೋಷಗಳಿಗೆ ಮೆಡಿಕಲ್ ಜೆನೆಟಿಕ್ಸ್, ಸಕ್ಕರೆ ಕಾಯಿಲೆ, ಥೈರಾಯ್ಡ್ ಮುಂತಾದವುಗಳಿಗೆ ಎಂಡೋಕ್ರೈನಾಲಜಿ. ಲಖನೌದ ಸಂಜಯ ಗಾಂಧಿ ಸಂಸ್ಥೆ ಮತ್ತು ದಿಲ್ಲಿಯ ಏಮ್ಸ್ ಜೆನೆಟಿಕ್ಸ್‌ಗೆ ಹೆಸರಾದವು. ಇಷ್ಟು ಓದಲು ಮನಸ್ಸಿಲ್ಲದವರಿಗೆ ಜೀವರಸಾಯನಶಾಸ್ತ್ರದ ಪ್ರಯೋಗಾಲಯವಿದೆ, ಪಥ್ಯಾಹಾರ ತಜ್ಞರ ಕೆಲಸವಿದೆ. ಕೈತುಂಬ ಹಣ ತರುವ ಶಾಖೆಯಿದಲ್ಲವೆಂದು ಪಾಲಕರಿಗೆ ಮೊದಲೇ ಹೇಳಿಬಿಡುತ್ತೇನೆ.

2021ರ ರಾಷ್ಟ್ರೀಯ ವಿರಳ ರೋಗ ನೀತಿಯಂತೆ ಗೊತ್ತುಮಾಡಿದ ಕೇಂದ್ರಗಳಲ್ಲಿ ನಮಗೆ ಅನುಕೂಲವಾದವು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ ಮತ್ತು ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ. ಕೂಸು ಕಳೆದುಕೊಂಡ ಮನೆಯವರು ಮುಂದಿನ ಬಸಿರಿಗೆ ಮೊದಲೇ ಅಲ್ಲಿಗೆ ಹೋಗಿ ವಿಚಾರಿಸುವುದು ಒಳ್ಳೆಯದು.

ಆ ಹುಡುಗಿ ಮೂರನೆಯ ಸಲ ಬಸಿರಾದಾಗ ನಾನೇ ಜೊತೆಗೆ ಹೋದೆ. ತರುಣ ವೈದ್ಯರೊಬ್ಬರು ಒಂದು ತಾಸು ಕುಳಿತು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಂಡರು, ನಾನು ದುಭಾಷಿ. ಅವಳ ನಾಲ್ಕನೆಯ ಇಯತ್ತೆಯ ಹಾಜರಿಯನ್ನು ಕೂಗಿದವನು, ಅವಳ ಗಂಡನೂ ಅವಳ ತಾಯಿಯೂ ಒಂದೇ ತಾಯಿಯ ಮಕ್ಕಳೆಂದು ಅಲ್ಲಿ ಹೇಳಬೇಕಾಯಿತು. ಕೂಸು ಹುಟ್ಟಿದ ಮೂರನೆಯ ದಿನ ಹಿಮ್ಮಡಿಯ ರಕ್ತ ತೆಗೆದರು, ದೋಷವೇನೂ ಕಾಣಲಿಲ್ಲ. ಆ ಹುಡುಗ ಈಗ ಓದುತ್ತಿದ್ದಾನೆ. ಮೊದಲಿನ ಎರಡು ಕೂಸುಗಳ ರೋಗ ಯಾವುದೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಅವುಗಳ ಒಂದು ಹನಿ ರಕ್ತವನ್ನೂ ಯಾರೂ ತೆಗೆದಿಟ್ಟಿರಲಿಲ್ಲ.