ಕಾಯುವ ಕೈ, ಕೊಲ್ಲುವ ಕೈ

ಅಂತರಂಗ ಬಹಿರಂಗ ಶುದ್ಧಿಗಾಗಿ ಬಸವಣ್ಣನವರು ಬೋಧಿಸಿದ ಏಳು ನಿಷೇಧಗಳಲ್ಲಿ ಕೊಲೆಯ ನಿಷೇಧವು ಎರಡನೆಯದು, ಮುನಿಸಿನ ನಿಷೇಧವು ನಾಲ್ಕನೆಯದು. ಕೊಲೆಯನ್ನು ಮಾತ್ರ ಹೇಳಿ ಬಿಡದೆ ಮುನಿಸನ್ನೂ ಹೇಳಿದುದು ಅರ್ಥಗರ್ಭಿತವಾಗಿದೆ. ಕೊಲೆಯು ಕೈಯಿಂದ ನಡೆಯುವುದು. ಅದರ ಬೇರು ಮನಸ್ಸಿನಲ್ಲಿರುವುದು. ಇಲ್ಲಿ ಸಾಧಕನಿಗೆ ಎರಡು ಸಂದೇಹಗಳು ಹುಟ್ಟುವುವು. ಕೊಲ್ಲಲು ಬಂದವನನ್ನು ತಡೆಯುವಾಗ ಅವನ ಪ್ರಾಣ ಹೋದರೆ ಅದು ಪಾಪವೇ? ಕೊಲೆಗಾರನಿಗೆ ರಾಜ್ಯವು ವಿಧಿಸುವ ಮರಣದಂಡನೆಯು ಧರ್ಮವೇ?

೧. ಆತ್ಮರಕ್ಷಣೆ

ಒಂದು ದೃಷ್ಟಾಂತ. ಭದ್ರಾವತಿಯಲ್ಲಿ ರಾತ್ರಿ ಪಾಳಿಯನ್ನು ಮುಗಿಸಿ ಮನೆಗೆ ನಡೆದು ಹೋಗುವ ಕಾರ್ಮಿಕನೊಬ್ಬನ ಮೇಲೆ ಯಾವನೋ ಮಚ್ಚನ್ನೆತ್ತಿ ಬರುವನು. ಕೂಗಿದರೆ ಕೇಳುವವರಿಲ್ಲ, ಓಡಲು ದಾರಿಯಿಲ್ಲ. ಕೈಗೆ ಸಿಕ್ಕ ಕಬ್ಬಿಣದ ಸಲಾಕೆಯಿಂದ ಕಾರ್ಮಿಕನು ಹೊಡೆಯುವನು, ಬಂದವನು ಸಾಯುವನು. ಇದನ್ನು ಕಾನೂನು ಅಪರಾಧವೆಂದು ಎಣಿಸದು. ೨೦೨೪ನೆಯ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ೩೪ರಿಂದ ೪೪ರವರೆಗಿನ ಕಲಮುಗಳಲ್ಲಿ ಈ ಹಕ್ಕನ್ನು ವಿವರಿಸಿದೆ. ಆದರೆ ಹಕ್ಕಿಗೆ ಕಟ್ಟುಪಾಡುಗಳುಂಟು. ಅಧಿಕಾರಿಗಳ ನೆರವನ್ನು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಬಂದವನ ಮಚ್ಚು ಕೈಜಾರಿ, ಅವನು ನೆಲಕ್ಕೆ ಬಿದ್ದ ಮೇಲೂ ಹೊಡೆದರೆ, ಆ ಪೆಟ್ಟು ರಕ್ಷಣೆಯದಲ್ಲ, ಮುನಿಸಿನದು.

ಕಲ್ಯಾಣದಿಂದ ಶರಣರು ಉಳವಿಯತ್ತ ಸಾಗಿದಾಗ ಬೆನ್ನಟ್ಟಿ ಬಂದ ಸೈನ್ಯವನ್ನು ಮಡಿವಾಳ ಮಾಚಯ್ಯನವರು ಎದುರಿಸಿದರೆಂದು ಪರಂಪರೆಯು ಹೇಳುವುದು. ಅವರು ಕಾಯಲು ನಿಂತವರು. ಸೇಡು ತೀರಿಸಿಕೊಳ್ಳಲು ಹೊರಟವರಲ್ಲ. ಕಾಯುವ ಕೈಗೂ ಕೊಲ್ಲುವ ಕೈಗೂ ಇರುವ ಭೇದವು ಇಷ್ಟೇ.

೨. ರಾಜದಂಡ

ಈ ಒರೆಗಲ್ಲಿಗೆ ರಾಜ್ಯದ ಕೈಯನ್ನೂ ಹಚ್ಚಿ ನೋಡತಕ್ಕದ್ದು. ಗಲ್ಲಿಗೇರುವವನು ಆಗಲೇ ಸೆರೆಯಲ್ಲಿರುವನು. ಅವನ ಕೈಯಲ್ಲಿ ಆಯುಧವಿಲ್ಲ. ಅಪಾಯವು ಕಳೆದ ಮೇಲೆ ಬೀಳುವ ಪೆಟ್ಟು ವ್ಯಕ್ತಿಗೆ ಸಲ್ಲದಾದರೆ ರಾಜ್ಯಕ್ಕೆ ಸಲ್ಲುವುದು ಹೇಗೆ?

ಮರಣದಂಡನೆಯ ಪರವಾದ ವಾದವು ಹಗುರವಾದುದಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ದಯೆಯನ್ನು ಬೋಧಿಸುವುದು ಸುಲಭವಲ್ಲ. ಶಿಕ್ಷೆಯ ಭಯವಿಲ್ಲದಿದ್ದರೆ ದುಷ್ಟರು ಹೆಚ್ಚುವರೆಂಬ ಶಂಕೆಯೂ ಸಹಜವಾದುದೇ. ಆದರೆ ಕಾನೂನೇ ಇಲ್ಲಿ ಅಳುಕುತ್ತ ನಡೆಯುವುದು. ಶಿವಮೊಗ್ಗ ನಗರದ ಸೆಷನ್ಸ್ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿದರೂ ಉಚ್ಚ ನ್ಯಾಯಾಲಯವು ದೃಢಪಡಿಸದೆ ಅದನ್ನು ಜಾರಿಗೊಳಿಸುವಂತಿಲ್ಲ. ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಈ ಶಿಕ್ಷೆಯೆಂದು ಸರ್ವೋಚ್ಚ ನ್ಯಾಯಾಲಯವು ೧೯೮೦ರಲ್ಲಿ ಹೇಳಿತು. ೨೦೦೮ರಲ್ಲಿ ಕರ್ನಾಟಕದ್ದೇ ಆದ ಒಂದು ಮೊಕದ್ದಮೆಯಲ್ಲಿ, ನೇಣಿಗೆ ಬದಲಾಗಿ ಜೀವವಿರುವವರೆಗೆ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಕೊಲ್ಲದೆಯೂ ಸಮಾಜವನ್ನು ಕಾಯಬಹುದೆಂಬುದಕ್ಕೆ ಇದು ನಿದರ್ಶನ.

ರಾಜದಂಡವು ಹಗೆಯನ್ನು ತಣಿಸುವುದೆಂಬುದೂ ನಿಜವಲ್ಲ. ಹರಳಯ್ಯ ಮಧುವರಸರಿಗೆ ಬಿಜ್ಜಳನು ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನು, ಬಳಿಕ ಬಿಜ್ಜಳನೇ ಹತನಾದನು, ಕಲ್ಯಾಣವು ಹಾಳಾಯಿತು. ಒಂದು ಕೊಲೆಯು ಮತ್ತೊಂದನ್ನು ಕರೆಯಿತು.

೩. ಈಸೂರಿನ ಪಾಠ

ಕಲ್ಯಾಣದ ಕಥೆಯು ಎಂಟು ಶತಮಾನಗಳ ಹಿಂದಿನದು. ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೂ ಜನಿಸಿದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಯಲ್ಲಿ ಇತ್ತೀಚಿನ ಕಾಲದ ಪಾಠವೊಂದಿದೆ. ೧೯೪೨ರ ಚಳವಳಿಯಲ್ಲಿ ಈಸೂರು ಗ್ರಾಮವು ತಾನು ಸ್ವತಂತ್ರವೆಂದು ಸಾರಿತು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅಧಿಕಾರಿಗಳಿಗೂ ಗ್ರಾಮಸ್ಥರಿಗೂ ಘರ್ಷಣೆಯಾಗಿ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು. ೧೯೪೩ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.

ಹತರಾದ ಅಧಿಕಾರಿಗಳೂ ಕನ್ನಡದ ಮಕ್ಕಳೇ. ಅವರ ಮನೆಗಳಲ್ಲಿಯೂ ದೀಪವಾರಿತು. ಆ ಸಾವನ್ನು ಕೊಂಡಾಡುವುದು ಶರಣಧರ್ಮವಲ್ಲ. ಆದರೆ ನಾಲ್ಕೇ ವರ್ಷಗಳ ಬಳಿಕ ದೇಶವು ಸ್ವತಂತ್ರವಾಯಿತು. ನ್ಯಾಯಾಲಯವು ಕೊಲೆಗಾರರೆಂದು ಕರೆದವರನ್ನು ನಾಡು ಹುತಾತ್ಮರೆಂದು ಕರೆಯಿತು. ಸೆರೆಯಲ್ಲಿ ಉಳಿದಿದ್ದವರು ಮನೆಗೆ ಮರಳಬಲ್ಲವರಾಗಿದ್ದರು. ಆ ಐವರು ಮಾತ್ರ ಮರಳಲಿಲ್ಲ. ರಾಜ್ಯದ ತೀರ್ಪು ಬದಲಾಗಬಲ್ಲುದು, ನೇಣು ಬದಲಾಗಲಾರದು. ತಪ್ಪಿದರೆ ತಿದ್ದಿಕೊಳ್ಳಲು ಬಾರದ ಶಿಕ್ಷೆಯನ್ನು, ತಪ್ಪಬಲ್ಲ ಮನುಷ್ಯನು ವಿಧಿಸಬಾರದು.

ಮನನಕ್ಕೆ

ಬದುಕಿನಲ್ಲಿ ಮಚ್ಚನ್ನೆತ್ತಿ ಬರುವವರು ವಿರಳ. ಮಾತನ್ನೆತ್ತಿ ಬರುವವರು ದಿನವೂ ಉಂಟು. ಎದುರಾಳಿಯು ಸೋತು ಸುಮ್ಮನಾದ ಮೇಲೆಯೂ ಆಡುವ ಬಿರುನುಡಿಯು ಆ ಎರಡನೆಯ ಪೆಟ್ಟಿನಂತೆಯೇ. ಅದನ್ನು ತಡೆಹಿಡಿಯಲು ಕಲಿತವನು ಮಾತ್ರ ರಾಜ್ಯಕ್ಕೆ ದಯೆಯನ್ನು ಹೇಳಲು ಅರ್ಹನಾಗುವನು.