ಗಂಡಸರು ಮುಚ್ಚಿಡುವ ಒಂದು ತೊಂದರೆ



ಎತ್ತು ಮೇವು ಬಿಟ್ಟರೆ ಆ ದಿನವೇ ಪಶುವೈದ್ಯರನ್ನು ಕರೆತರುತ್ತೇವೆ. ಆಲೂಗೆಡ್ಡೆಯ ಎಲೆಯಲ್ಲಿ ಅಂಗಮಾರಿಯ ಮಚ್ಚೆ ಕಂಡರೆ ಎಲೆಯನ್ನು ಕಿತ್ತುಕೊಂಡು ಕೃಷಿ ಕಚೇರಿಗೆ ಓಡುತ್ತೇವೆ. ಆದರೆ ಗಂಡಸಿಗೆ ತನ್ನ ದೇಹದಲ್ಲಿಯೇ ಒಂದು ಬಗೆಯ ತೊಂದರೆ ಕಾಣಿಸಿಕೊಂಡರೆ ಅವನು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಹೆಂಡತಿಯೊಡನೆ ಸೇರುವಾಗ ಶಿಶ್ನವು ನಿಮಿರದಿರುವುದು, ಇಲ್ಲವೆ ನಿಮಿರಿದರೂ ನಡುವೆಯೇ ಸಡಿಲವಾಗುವುದು, ಇದೇ ಆ ತೊಂದರೆ. ಊರಿನಲ್ಲಿ ಇದಕ್ಕೆ ಇಟ್ಟಿರುವ ಹೆಸರುಗಳೆಲ್ಲ ಬೈಗುಳಗಳೇ ಆಗಿರುವುದರಿಂದ ಯಾರೂ ಹೇಳಿಕೊಳ್ಳುವುದಿಲ್ಲ. ಆ ಹೆಸರುಗಳನ್ನು ಬದಿಗಿಟ್ಟು ವಿಷಯವನ್ನು ನೋಡೋಣ.

ಎಂದೋ ಒಮ್ಮೆ ಹೀಗಾದರೆ ಅದು ಕಾಯಿಲೆಯಲ್ಲ. ದಿನವಿಡೀ ದುಡಿದು ದಣಿದವನಿಗೆ, ಜ್ವರದಿಂದ ಎದ್ದವನಿಗೆ, ಸಾಲದ ಕಂತಿನ ಯೋಚನೆಯಲ್ಲಿರುವವನಿಗೆ ಹೀಗಾಗುವುದುಂಟು. ಮೂರು ತಿಂಗಳಾದರೂ ಸರಿಹೋಗದೆ ಪದೇ ಪದೇ ಹೀಗೆಯೇ ಆಗುತ್ತಿದ್ದರೆ ಕಾರಣವನ್ನು ಹುಡುಕಬೇಕು. ಇದೇನೂ ಅಪರೂಪದ ಸಂಗತಿಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ 40ರಿಂದ 70 ವಯಸ್ಸಿನ ಗಂಡಸರನ್ನು ವಿಚಾರಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರರಲ್ಲಿ 52 ಮಂದಿಗೆ ಹೆಚ್ಚೋ ಕಡಿಮೆಯೋ ಈ ತೊಂದರೆ ಇದ್ದುದು ತಿಳಿದುಬಂತು.

ನಿಮಿರುವಿಕೆ ಹೇಗೆ ಆಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಶಿಶ್ನದಲ್ಲಿ ಮೂಳೆಯಿಲ್ಲ. ಅದರೊಳಗೆ ಸ್ಪಂಜಿನಂತಹ ಎರಡು ಉದ್ದನೆಯ ಭಾಗಗಳಿವೆ. ಮನಸ್ಸಿನಲ್ಲಿ ಬಯಕೆ ಹುಟ್ಟಿದಾಗ, ಇಲ್ಲವೆ ಸ್ಪರ್ಶವಾದಾಗ, ಮೆದುಳು ಮತ್ತು ಬೆನ್ನುಹುರಿಯಿಂದ ನರಗಳ ಮೂಲಕ ಸೂಚನೆ ಬರುತ್ತದೆ. ಆಗ ನರಗಳ ತುದಿಯಿಂದಲೂ ರಕ್ತನಾಳಗಳ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ವಸ್ತು ಹೊರಡುತ್ತದೆ. ಅದರಿಂದ ನಾಳಗಳು ಸಡಿಲಗೊಂಡು ಅಗಲವಾಗುತ್ತವೆ, ರಕ್ತವು ನುಗ್ಗಿ ಬಂದು ಸ್ಪಂಜಿನಲ್ಲಿ ತುಂಬುತ್ತದೆ. ತುಂಬಿ ಉಬ್ಬಿದಾಗ ರಕ್ತವನ್ನು ಹೊರಕ್ಕೆ ಒಯ್ಯುವ ನಾಳಗಳು ಅದುಮಿಕೊಂಡು ಮುಚ್ಚುತ್ತವೆ. ಗದ್ದೆಗೆ ನೀರು ಬಿಟ್ಟು ಕೆಳಗಿನ ತೂಬನ್ನು ಮುಚ್ಚಿದಂತೆ ಎನ್ನಬಹುದು. ಇಷ್ಟರಲ್ಲಿ ಯಾವುದೊಂದು ಕೆಟ್ಟರೂ ಕೆಲಸ ನಿಲ್ಲುತ್ತದೆ: ಸೂಚನೆ ಹೊರಡದಿದ್ದರೆ, ಸೂಚನೆ ಒಯ್ಯುವ ನರ ಸವೆದಿದ್ದರೆ, ಕಾಲುವೆ ಕಟ್ಟಿಕೊಂಡಿದ್ದರೆ.

ನಲವತ್ತು ದಾಟಿದವರಲ್ಲಿ ಬಹಳ ಸಲ ಕಟ್ಟಿಕೊಂಡಿರುವುದು ಕಾಲುವೆಯೇ. ಹೇಮಾವತಿ ನಾಲೆಯ ಕೆಳಗೆ ಬೇಸಾಯ ಮಾಡುವವರು ಬಲ್ಲರು: ಹೂಳು ಬಂದಾಗ ದೊಡ್ಡ ನಾಲೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಮೊದಲು ಕಟ್ಟಿಕೊಳ್ಳುವುದು ನಮ್ಮ ಗದ್ದೆಯ ಸಣ್ಣ ಕಾಲುವೆ. ದೇಹದಲ್ಲಿಯೂ ಹಾಗೆಯೇ. ಶಿಶ್ನಕ್ಕೆ ರಕ್ತ ಒಯ್ಯುವ ನಾಳದ ಒಳ ಅಗಲ ಒಂದೆರಡು ಮಿಲಿಮೀಟರ್ ಮಾತ್ರ. ಹೃದಯಕ್ಕೆ ರಕ್ತ ಒಯ್ಯುವ ನಾಳ ಮೂರು ನಾಲ್ಕು ಮಿಲಿಮೀಟರ್ ಇರುತ್ತದೆ. ಕೊಬ್ಬು ಕಟ್ಟುವ ರೋಗ ಎರಡಕ್ಕೂ ಒಂದೇ. ಆದುದರಿಂದ ಸಣ್ಣದರಲ್ಲಿ ತೊಂದರೆ ಮೊದಲು ಕಾಣುತ್ತದೆ, ದೊಡ್ಡದರಲ್ಲಿ ಅನೇಕರಿಗೆ ಎರಡರಿಂದ ಐದು ವರ್ಷಗಳ ಅನಂತರ ಕಾಣುತ್ತದೆ. ಎಂದರೆ, ಹಾಸಿಗೆಯಲ್ಲಿ ಕಂಡ ಸೋಲು ಹೃದಯದ ಕಡೆಯಿಂದ ಮುಂಚಿತವಾಗಿ ಬಂದ ನೋಟೀಸು ಆಗಿರಬಹುದು.

ನಮ್ಮ ಜಿಲ್ಲೆಯವರಿಗೆ ಈ ಮಾತು ಹೆಚ್ಚಾಗಿ ನಾಟಬೇಕು. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಹರಡಿತು. ಜನರು ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸರ್ಕಾರವು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಸಾವುಗಳು ವಿಪರೀತ ಏರಿಲ್ಲವೆಂದು ಸಮಿತಿ ತಿಳಿಸಿತಾದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳತ್ತ ಬೆರಳು ತೋರಿತು. ನಿಮಿರುವಿಕೆಯನ್ನು ಕೆಡಿಸುವ ಕಾರಣಗಳನ್ನು ಬರೆಯಹೊರಟರೂ ಇದೇ ಪಟ್ಟಿಯನ್ನೇ ಬರೆಯಬೇಕಾಗುತ್ತದೆ!

ಸಕ್ಕರೆ ಕಾಯಿಲೆಯು ನಾಳವನ್ನೂ ನರವನ್ನೂ ಒಟ್ಟಿಗೆ ಕೆಡಿಸುತ್ತದೆ. ತನಗೆ ಸಕ್ಕರೆ ಇದೆಯೆಂದು ತಿಳಿಯದವನಿಗೆ ಕೆಲವೊಮ್ಮೆ ಇದೇ ಮೊದಲ ಗುರುತು. ಬೀಡಿ, ಸಿಗರೇಟುಗಳು ನಾಳದ ಒಳಪದರವನ್ನು ಹಾಳುಮಾಡುತ್ತವೆ. ನಮ್ಮದು ಹೊಗೆಸೊಪ್ಪು ಬೆಳೆಯುವ ಸೀಮೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪಿಗೆ ಒಳ್ಳೆಯ ಬೆಲೆ ಬರಲೆಂದು ನಾವೂ ಹಾರೈಸುತ್ತೇವೆ. ಆದರೆ ಬ್ಯಾರನ್ ಕಾಯುತ್ತ ರಾತ್ರಿಯಿಡೀ ಬೀಡಿ ಸೇದುವುದರಿಂದ ಬೆಲೆಯೇನೂ ಏರುವುದಿಲ್ಲ. ಇನ್ನು ಹೆಂಡ, ಬ್ರಾಂದಿಗಳ ಮಾತು: ಸ್ವಲ್ಪ ಕುಡಿದರೆ ಧೈರ್ಯ ಬರುತ್ತದೆಂಬುದು ಕೆಲವರ ನಂಬಿಕೆ. ಬಯಕೆ ಬಂದಂತೆ ತೋರುತ್ತದೆ, ಶಕ್ತಿ ಕುಗ್ಗುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಈ ತೊಂದರೆ ಬರಬಹುದು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ವೈದ್ಯರಿಗೆ ಹೇಳಿದರೆ ಬೇರೆಯದನ್ನು ಬರೆದುಕೊಡುತ್ತಾರೆ.

ಮನಸ್ಸಿನ ಕಾರಣವೂ ಉಂಟು, ವಿಶೇಷವಾಗಿ ಎಳೆಯರಲ್ಲಿ. ಗುರುತಿಸುವ ಸುಲಭ ದಾರಿಯೊಂದಿದೆ. ಬೆಳಗಿನ ಜಾವ ಎಚ್ಚರವಾದಾಗ ಎಂದಿನಂತೆ ನಿಮಿರಿರುತ್ತದೆ, ಹೆಂಡತಿಯ ಬಳಿ ಮಾತ್ರ ಆಗುವುದಿಲ್ಲವೆಂದರೆ, ನಾಳಗಳೂ ನರಗಳೂ ಬಹುಮಟ್ಟಿಗೆ ಸರಿಯಾಗಿವೆ, ಅಡ್ಡಿಯಾಗಿರುವುದು ಹೆದರಿಕೆ ಅಥವಾ ಚಿಂತೆ. ಒಮ್ಮೆ ಸೋತವನು ಮರುದಿನ ಸೋಲುವೆನೆಂಬ ಭಯದಿಂದಲೇ ಸೋಲುತ್ತಾನೆ. ಹೊಸದಾಗಿ ಮದುವೆಯಾದ ಹುಡುಗರು ಇದರಿಂದ ಕಂಗಾಲಾಗುತ್ತಾರೆ. ಇದರ ಮೇಲೆ ‘ಧಾತು ನಷ್ಟ’ದ ಹೆದರಿಕೆ ಬೇರೆ. ಒಂದು ತೊಟ್ಟು ವೀರ್ಯವು ಎಷ್ಟೋ ತೊಟ್ಟು ರಕ್ತಕ್ಕೆ ಸಮವೆಂಬ ಮಾತಿಗೆ ಆಧಾರವಿಲ್ಲ. ವೀರ್ಯವು ಬೆವರು, ಜೊಲ್ಲುಗಳಂತೆ ದೇಹವು ದಿನವೂ ತಯಾರಿಸುವ ದ್ರವ. ನಿದ್ದೆಯಲ್ಲಿ ಹೋದರೆ ಶಕ್ತಿಯೇನೂ ಹೋಗುವುದಿಲ್ಲ.

ಈ ಭಯವನ್ನೇ ಬಂಡವಾಳ ಮಾಡಿಕೊಂಡವರು ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ’ ಎಂದು ಬರೆಸಿರುತ್ತಾರೆ. ಅವರ ಪುಡಿಯಿಂದ ಒಂದೆರಡು ದಿನ ಗುಣ ಕಂಡರೆ ಮೋಸಹೋಗಬೇಡಿ. ಇಂತಹ ‘ಗಿಡಮೂಲಿಕೆ’ ಪುಡಿಗಳಲ್ಲಿ ಸಿಲ್ಡೆನಾಫಿಲ್ ಎಂಬ ಔಷಧಿಯನ್ನು ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಆ ಔಷಧಿ 1998ರಿಂದ ಬಳಕೆಯಲ್ಲಿದೆ. ವೈದ್ಯರು ನೋಡಿ ಕೊಟ್ಟರೆ ಹಲವರಿಗೆ ಒಳ್ಳೆಯ ಗುಣ ಕಾಣುತ್ತದೆ. ಆದರೆ ಎದೆನೋವಿಗೆ ನಾಲಗೆಯ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆ ಬಳಸುವವನು ಇದನ್ನೂ ನುಂಗಿದರೆ ರಕ್ತದೊತ್ತಡ ಥಟ್ಟನೆ ಕುಸಿದು ಪ್ರಾಣಕ್ಕೆ ಬರುತ್ತದೆ. ಪುಡಿಯಲ್ಲಿ ಏನಿದೆಯೆಂದು ತಿಳಿಯದವನು ಈ ಅಪಾಯವನ್ನು ಹೇಗೆ ತಪ್ಪಿಸಿಕೊಂಡಾನು?

ಆದುದರಿಂದ ಹೋಗಬೇಕಾದುದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೆ ಅರಕಲಗೂಡಿನ ಸರ್ಕಾರಿ ಆಸ್ಪತ್ರೆಗೆ. ಮೂವತ್ತು ದಾಟಿದವರಿಗೆ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯನ್ನು ಅಲ್ಲಿ ಉಚಿತವಾಗಿ ಮಾಡುತ್ತಾರೆ. ವೈದ್ಯರ ಮುಂದೆ ದೊಡ್ಡ ಪೀಠಿಕೆ ಬೇಕಿಲ್ಲ. “ಡಾಕ್ಟ್ರೇ, ಮನೆಯವಳ ಜೊತೆ ಸೇರೋಕೆ ಆಗ್ತಿಲ್ಲ, ಆರು ತಿಂಗಳಾಯ್ತು” ಎಂದರೆ ಸಾಕು. ಜನರೆದುರು ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಬೀಡಿ ಕುಡಿತಗಳ ಲೆಕ್ಕವನ್ನು ಕಡಿಮೆ ಮಾಡಿ ಹೇಳಬೇಡಿ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಆಕೆ ಇದನ್ನು ತನ್ನ ಮೇಲಿನ ಬೇಸರವೆಂದೇ ತಿಳಿದು ಒಳಗೊಳಗೇ ನೊಂದಿರುತ್ತಾಳೆ. ಬೆಳಿಗ್ಗೆ ಕಾಫಿ ಕುಡಿಯದೆ, ಬರಿ ಹೊಟ್ಟೆಯಲ್ಲಿ ಹೋದರೆ ಸಕ್ಕರೆಯ ಪರೀಕ್ಷೆ ಅಂದೇ ಮುಗಿಯುತ್ತದೆ.